ಐದನೆಯ ಪೀಳಿಗೆಯ ಎರಡು ಫೋನುಗಳು

ಮೊಬೈಲ್ ಅಂಗಡಿಗೆ ಹೋದ ವಿದ್ಯಾರ್ಥಿಯ ಕಿವಿಗೆ ಇಂದು ಮೊದಲು ಬೀಳುವ ಮಾತು ‘ಇದು ೫ಜಿ ಫೋನು’ ಎಂಬುದು. ಪೆಟ್ಟಿಗೆಯ ಮೇಲೆಯೂ ಅದೇ ಗುರುತು ದಪ್ಪವಾಗಿ ಅಚ್ಚಾಗಿರುತ್ತದೆ. ಈ ಗುರುತುಳ್ಳ ಯಾವ ಫೋನನ್ನು ಕೊಂಡರೂ ಒಂದೇ, ವೇಗವಾದ ಸಂಪರ್ಕ ದೊರೆತೇ ದೊರೆಯುತ್ತದೆ ಎಂದು ಕೊಳ್ಳುವವರು ಭಾವಿಸುವುದು ಸಹಜ. ಆದರೆ ಇದು ಎಷ್ಟರಮಟ್ಟಿಗೆ ನಿಜ? ಎರಡು ಅಗ್ಗದ ಫೋನುಗಳನ್ನು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಲ್ಲದೆ, ರೇಡಿಯೋ ತರಂಗಗಳ ವಿಷಯವಾಗಿ ಕೆಲವು ಸ್ವಾರಸ್ಯವಾದ ಸಂಗತಿಗಳೂ ತಿಳಿದುಬರುತ್ತವೆ.

ಹೋಲಿಕೆಗಾಗಿ ಒಂದೇ ಸಂಸ್ಥೆಯ, ಅಂದರೆ ಶಿಯೋಮಿಯ, ಎರಡು ಫೋನುಗಳನ್ನು ಆರಿಸಿಕೊಳ್ಳೋಣ. ಮೊದಲನೆಯದು ೨೦೨೩ರ ಡಿಸೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ರೆಡ್‌ಮಿ ೧೩ಸಿ ೫ಜಿ. ಎರಡನೆಯದು ೨೦೨೪ರ ನವೆಂಬರಿನಲ್ಲಿ ಬಂದ ರೆಡ್‌ಮಿ ಎ೪ ೫ಜಿ. ಬಿಡುಗಡೆಯ ಸಮಯದಲ್ಲಿ ೧೩ಸಿ ಫೋನಿನ ಆರಂಭಿಕ ಬೆಲೆ ೧೦,೯೯೯ ರೂಪಾಯಿ. ಎ೪ ಫೋನಿನದು ೮,೪೯೯ ರೂಪಾಯಿ. ಈ ಎರಡು ಬೆಲೆಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಏಕೆಂದರೆ ೧೩ಸಿ ಫೋನಿನ ಸಂಗ್ರಹಸಾಮರ್ಥ್ಯ ೧೨೮ ಗಿಗಾಬೈಟ್, ಎ೪ ಫೋನಿನದು ೬೪ ಗಿಗಾಬೈಟ್ ಮಾತ್ರ. ಎ೪ ಫೋನಿನ ೧೨೮ ಗಿಗಾಬೈಟಿನ ಮಾದರಿಗೆ ಆಗ ೯,೪೯೯ ರೂಪಾಯಿ ಇತ್ತು. ಆದುದರಿಂದ ಸಮನಾದ ಸಂಗ್ರಹಕ್ಕೆ ಇದ್ದ ನಿಜವಾದ ಅಂತರ ೧,೫೦೦ ರೂಪಾಯಿ. ಮಕ್ಕಳ ಓದಿಗಾಗಿ ಲೆಕ್ಕಹಾಕಿ ಖರ್ಚು ಮಾಡುವ ಮನೆಗಳಲ್ಲಿ ಇದು ಅಲ್ಪ ಮೊತ್ತವಲ್ಲ. ಆ ಹಣವನ್ನು ಉಳಿಸಿದಾಗ ಕಳೆದುಕೊಳ್ಳುವುದು ಏನನ್ನು?

ಕಣ್ಣಿಗೆ ಕಾಣುವ ಗುಣಗಳು

ಮೇಲುನೋಟಕ್ಕೆ ನೋಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಗ್ಗದ ಫೋನೇ ಒಂದು ಕೈ ಮೇಲೆಂದು ತೋರುತ್ತದೆ. ೧೩ಸಿ ಫೋನಿನ ಪರದೆ ೬.೭೪ ಅಂಗುಲ, ಎ೪ ಫೋನಿನದು ೬.೮೮ ಅಂಗುಲ. ಮೊದಲನೆಯದರ ಪರದೆ ಸೆಕೆಂಡಿಗೆ ೯೦ ಸಲ ಚಿತ್ರವನ್ನು ಹೊಸದಾಗಿ ಮೂಡಿಸಿದರೆ, ಎರಡನೆಯದು ೧೨೦ ಸಲ ಮೂಡಿಸುತ್ತದೆ. ಅಂದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಿನ ಕಾಲ ಮೊದಲನೆಯದರಲ್ಲಿ ಸುಮಾರು ೧೧ ಮಿಲಿಸೆಕೆಂಡು, ಎರಡನೆಯದರಲ್ಲಿ ಸುಮಾರು ೮ ಮಿಲಿಸೆಕೆಂಡು. ಬೆರಳಿನಿಂದ ಪುಟಗಳನ್ನು ಸರಸರನೆ ಸರಿಸುವಾಗ ಈ ಭೇದ ಸ್ವಲ್ಪಮಟ್ಟಿಗೆ ಕಂಡೀತು. ಆದರೆ ಸಾಮಾನ್ಯವಾಗಿ ಸೆಕೆಂಡಿಗೆ ೨೪ ಚಿತ್ರಗಳಂತೆ ತೆಗೆದಿರುವ ಚಲನಚಿತ್ರವನ್ನು ನೋಡುವಾಗ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಬ್ಯಾಟರಿಗಳ ಸಾಮರ್ಥ್ಯ ಕ್ರಮವಾಗಿ ೫,೦೦೦ ಮತ್ತು ೫,೧೬೦ ಮಿಲಿಆಂಪಿಯರ್-ಗಂಟೆ. ವ್ಯತ್ಯಾಸ ನೂರಕ್ಕೆ ಮೂರರಷ್ಟು ಮಾತ್ರ. ಎರಡರಲ್ಲಿಯೂ ಅಡಗಿರುವ ಶಕ್ತಿ ಸುಮಾರು ೧೯ ವ್ಯಾಟ್-ಗಂಟೆ. ಹತ್ತು ವ್ಯಾಟಿನ ಒಂದು ಎಲ್‌ಇಡಿ ದೀಪವನ್ನು ಎರಡು ಗಂಟೆಗೆ ತುಸು ಕಡಮೆ ಕಾಲ ಬೆಳಗಿಸುವಷ್ಟು. ಮುಖ್ಯ ಕ್ಯಾಮರಾ ಎರಡರಲ್ಲಿಯೂ ೫೦ ಮೆಗಾಪಿಕ್ಸೆಲ್‌ನದು.

ಫೋನಿನ ಮಿದುಳು ಎನ್ನಬಹುದಾದ ಚಿಪ್ ಮಾತ್ರ ಬೇರೆ ಬೇರೆ. ೧೩ಸಿ ಫೋನಿನಲ್ಲಿರುವುದು ಮೀಡಿಯಾಟೆಕ್ ಸಂಸ್ಥೆಯ ಡೈಮೆನ್ಸಿಟಿ ೬೧೦೦ ಪ್ಲಸ್; ಎ೪ ಫೋನಿನಲ್ಲಿರುವುದು ಕ್ವಾಲ್‌ಕಾಮ್ ಸಂಸ್ಥೆಯ ಸ್ನ್ಯಾಪ್‌ಡ್ರಾಗನ್ ೪ಎಸ್ ಜೆನ್ ೨. ತಯಾರಿಕೆಯ ವಿಧಾನದಲ್ಲಿ ಮೊದಲನೆಯದು ‘೬ ನ್ಯಾನೋಮೀಟರ್’ ದರ್ಜೆಯದು, ಎರಡನೆಯದು ‘೪ ನ್ಯಾನೋಮೀಟರ್’ ದರ್ಜೆಯದು. ಈ ಅಂಕಿಗಳು ಚಿಪ್ಪಿನೊಳಗಿನ ಯಾವುದೇ ಭಾಗದ ನಿಜವಾದ ಅಳತೆಗಳಲ್ಲ. ತಯಾರಿಕೆಯ ಪೀಳಿಗೆಯನ್ನು ಸೂಚಿಸುವ ಹೆಸರುಗಳು ಮಾತ್ರ. ಹೊಸ ಪೀಳಿಗೆಯ ಚಿಪ್ ಸಾಮಾನ್ಯವಾಗಿ ಅದೇ ಕೆಲಸವನ್ನು ಕಡಮೆ ವಿದ್ಯುತ್ತಿನಲ್ಲಿ ಮಾಡುತ್ತದೆ. ಹೀಗೆ ಇಲ್ಲಿಯವರೆಗಿನ ಲೆಕ್ಕದಲ್ಲಿ ಎ೪ ಫೋನೇ ಮುಂದು. ಆದರೆ ಫೋನು ಒಂಟಿಯಾಗಿ ಕೆಲಸ ಮಾಡುವ ಯಂತ್ರವಲ್ಲ. ಅದು ರೇಡಿಯೋ ಕೊಂಡಿಯ ಒಂದು ತುದಿ. ಇನ್ನೊಂದು ತುದಿ ಊರಿನ ಟವರು. ವೇಗವೆಂಬುದು ಈ ಎರಡು ತುದಿಗಳ ಹೊಂದಾಣಿಕೆಯಿಂದ ಉಂಟಾಗುತ್ತದೆ. ಆ ಕೊಂಡಿಯನ್ನೇ ಈಗ ನೋಡೋಣ.

ತರಂಗಗಳ ಹಾದಿ

ಫೋನು ತನ್ನಲ್ಲಿರುವ ಪುಟ್ಟ ಆಂಟೆನಾದಿಂದ ಹೆಚ್ಚೆಂದರೆ ಸುಮಾರು ೦.೨ ವ್ಯಾಟಿನಷ್ಟು ರೇಡಿಯೋ ಶಕ್ತಿಯನ್ನು ಹೊರಸೂಸುತ್ತದೆ. ಅಷ್ಟರಿಂದಲೇ ಅದು ದೂರದ ಟವರಿನೊಡನೆ ಮಾತನಾಡಬೇಕು. ಎಲ್ಲರೂ ಒಂದೇ ಆವೃತ್ತಿಯಲ್ಲಿ ಮಾತನಾಡಿದರೆ ಸಂತೆಯ ಗದ್ದಲವಾದೀತು. ಆದುದರಿಂದ ಸರ್ಕಾರವು ಆವೃತ್ತಿಗಳನ್ನು ಪಟ್ಟಿಗಳಾಗಿ ವಿಂಗಡಿಸಿ ದೂರಸಂಪರ್ಕ ಕಂಪನಿಗಳಿಗೆ ಹಂಚುತ್ತದೆ. ಭಾರತದಲ್ಲಿ ೫ಜಿಗಾಗಿ ಮೊದಲ ಹರಾಜು ೨೦೨೨ರ ಆಗಸ್ಟ್ ೧ರಂದು ಮುಗಿಯಿತು. ಅದರಲ್ಲಿ ಜಿಯೋ ಮತ್ತು ಏರ್‌ಟೆಲ್ ಎರಡೂ ೩,೩೦೦ ಮೆಗಾಹರ್ಟ್ಸಿನ ಪಟ್ಟಿಯನ್ನೂ ೨೬ ಗಿಗಾಹರ್ಟ್ಸಿನ ಪಟ್ಟಿಯನ್ನೂ ಪಡೆದವು. ೭೦೦ ಮೆಗಾಹರ್ಟ್ಸಿನ ಪಟ್ಟಿಯನ್ನು ಜಿಯೋ ಮಾತ್ರ ಕೊಂಡಿತು.

ರೇಡಿಯೋ ತರಂಗದ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಇದನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. ೭೦೦ ಮೆಗಾಹರ್ಟ್ಸಿನ ತರಂಗದೂರ ಸುಮಾರು ೪೩ ಸೆಂಟಿಮೀಟರು. ೩,೫೦೦ ಮೆಗಾಹರ್ಟ್ಸಿನದು ಸುಮಾರು ೮.೬ ಸೆಂಟಿಮೀಟರು, ೨೬ ಗಿಗಾಹರ್ಟ್ಸಿನದು ಕೇವಲ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು. ಸರಳ ರೂಪದ ಆಂಟೆನಾ ಹಿಡಿಯಬಲ್ಲ ಶಕ್ತಿ ತರಂಗದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಟವರು ಒಂದೇ ಪ್ರಮಾಣದ ಶಕ್ತಿಯನ್ನು ಸೂಸಿದರೂ, ಒಂದೇ ದೂರದಲ್ಲಿ, ೩,೫೦೦ ಮೆಗಾಹರ್ಟ್ಸಿನಲ್ಲಿ ಫೋನಿಗೆ ದಕ್ಕುವುದು ೭೦೦ ಮೆಗಾಹರ್ಟ್ಸಿನಲ್ಲಿ ದಕ್ಕುವುದರ ಇಪ್ಪತ್ತೈದನೆಯ ಒಂದು ಭಾಗ ಮಾತ್ರ. ಗೋಡೆಗಳೂ ಮರಗಳೂ ಸಣ್ಣ ತರಂಗಗಳನ್ನೇ ಹೆಚ್ಚಾಗಿ ತಡೆಯುತ್ತವೆ. ಟವರಿನ ಮೇಲೆ ಅನೇಕ ಆಂಟೆನಾಗಳನ್ನು ಒಟ್ಟಿಗೆ ಜೋಡಿಸಿ, ಶಕ್ತಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ, ಈ ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳುತ್ತಾರೆ. ಆದರೂ ದಪ್ಪ ಜಂಬಿಟ್ಟಿಗೆಯ ಗೋಡೆಯುಳ್ಳ ಮನೆಯ ಒಳಕೋಣೆಗೆ ಸುಲಭವಾಗಿ ನುಸುಳಬಲ್ಲದ್ದು ಉದ್ದನೆಯ ತರಂಗವೇ.

ಹಾಗಾದರೆ ಎಲ್ಲರೂ ಉದ್ದನೆಯ ತರಂಗವನ್ನೇ ಏಕೆ ಬಳಸಬಾರದು? ಇದಕ್ಕೆ ಉತ್ತರವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಗಣಿತಜ್ಞ ಕ್ಲಾಡ್ ಶ್ಯಾನನ್ ೧೯೪೮ರಲ್ಲಿಯೇ ಕೊಟ್ಟಿದ್ದಾನೆ. ಅವನ ಸೂತ್ರ ಹೀಗಿದೆ:

ಸಾಮರ್ಥ್ಯ = ಪಟ್ಟಿಯ ಅಗಲ × ಲಾಗ್ (೧ + ಸಂಕೇತ/ಗದ್ದಲ)

ಇಲ್ಲಿ ಲಾಗರಿತಮ್ಮಿನ ಆಧಾರಸಂಖ್ಯೆ ೨. ಸಾಮರ್ಥ್ಯವೆಂದರೆ ಒಂದು ಸೆಕೆಂಡಿನಲ್ಲಿ ತಪ್ಪಿಲ್ಲದೆ ಸಾಗಿಸಬಹುದಾದ ಬಿಟ್‌ಗಳ ಗರಿಷ್ಠ ಸಂಖ್ಯೆ. ಗ್ರಹಿಸಿದ ಸಂಕೇತವು ಗದ್ದಲದ ೧೫ ಪಟ್ಟು ಇದೆ ಎಂದಿಟ್ಟುಕೊಳ್ಳೋಣ. ಆಗ ಆವರಣದೊಳಗಿನ ಸಂಖ್ಯೆ ೧೬. ಅದು ೨ರ ನಾಲ್ಕನೆಯ ಘಾತವಾದುದರಿಂದ ಲಾಗರಿತಮ್ಮು ೪. ಪಟ್ಟಿಯ ಅಗಲ ೧೦ ಮೆಗಾಹರ್ಟ್ಸ್ ಆದರೆ ಸಾಮರ್ಥ್ಯ ಸೆಕೆಂಡಿಗೆ ೪೦ ಮೆಗಾಬಿಟ್. ೧೦೦ ಮೆಗಾಹರ್ಟ್ಸ್ ಆದರೆ ೪೦೦ ಮೆಗಾಬಿಟ್. ಪಟ್ಟಿಯನ್ನು ಅಗಲಿಸದೆ ಸಂಕೇತವನ್ನೇ ಬಲಪಡಿಸಿ ವೇಗವನ್ನು ಎರಡರಷ್ಟು ಮಾಡಬೇಕಾದರೆ ಸಂಕೇತವು ಗದ್ದಲದ ೧೫ ಪಟ್ಟಿನಿಂದ ೨೫೫ ಪಟ್ಟಿಗೆ ಏರಬೇಕಾಗುತ್ತದೆ! ಅಗಲವಾದ ಪಟ್ಟಿಗೆ ಇಷ್ಟು ಬೆಲೆ ಬಂದಿರುವುದು ಈ ಕಾರಣದಿಂದ.

ಜಿಯೋ ಕೊಂಡ ೭೦೦ ಮೆಗಾಹರ್ಟ್ಸಿನ ಪಟ್ಟಿ ಪ್ರತಿ ವಲಯದಲ್ಲಿಯೂ ೧೦ ಮೆಗಾಹರ್ಟ್ಸ್ ಅಗಲದ್ದು. ಎರಡೂ ಕಂಪನಿಗಳು ಪಡೆದ ೩,೩೦೦ರ ಪಟ್ಟಿ ೧೦೦ ಮೆಗಾಹರ್ಟ್ಸ್ ಅಥವಾ ಅದಕ್ಕೂ ಹೆಚ್ಚು ಅಗಲದ್ದು. ಮೊದಲನೆಯದು ಕಿರಿದಾದರೂ ದೂರ ಹೋಗುವ ಹಾದಿ, ಎರಡನೆಯದು ಹತ್ತಿರದ ಹೆದ್ದಾರಿ. ವಾಸ್ತವದಲ್ಲಿ ಒಂದೇ ಟವರನ್ನು ನೂರಾರು ಜನ ಹಂಚಿಕೊಳ್ಳುವುದರಿಂದ ಒಬ್ಬೊಬ್ಬರ ಪಾಲು ಬಹಳ ಕಡಮೆಯಾಗುತ್ತದೆ. ಎ೪ ಫೋನಿನ ಚಿಪ್ ಸೆಕೆಂಡಿಗೆ ೧ ಗಿಗಾಬಿಟ್‌ವರೆಗೆ ಗ್ರಹಿಸಬಲ್ಲದೆಂದು ತಯಾರಕರು ಹೇಳುತ್ತಾರೆ. ಅಂಥ ವೇಗ ದಿನಬಳಕೆಯಲ್ಲಿ ಒದಗುವುದು ಅಪರೂಪ. ಆದುದರಿಂದ ಚಿಪ್ಪಿನ ಗರಿಷ್ಠ ವೇಗಕ್ಕಾಗಿ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ. ಎರಡು ಫೋನುಗಳೂ ೭೦೦ ಮತ್ತು ೩,೩೦೦ರ ಪಟ್ಟಿಗಳನ್ನು ಗ್ರಹಿಸುತ್ತವೆ. ಎರಡೂ ೨೬ ಗಿಗಾಹರ್ಟ್ಸನ್ನು ಗ್ರಹಿಸುವುದಿಲ್ಲ. ಇದರಲ್ಲಿಯೂ ಅವು ಸರಿಸಮಾನ.

ಎರಡು ಬಗೆಯ ೫ಜಿ

ಹಾಗಿದ್ದರೆ ವ್ಯತ್ಯಾಸವೆಲ್ಲಿ? ಅದು ಇರುವುದು ಟವರಿನೊಡನೆ ಮಾತುಕತೆ ಆರಂಭಿಸುವ ಕ್ರಮದಲ್ಲಿ. ೩ಜಿಪಿಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ೫ಜಿಗೆ ಎರಡು ವಿಧಾನಗಳನ್ನು ಗೊತ್ತುಮಾಡಿತು. ೨೦೧೭ರ ಡಿಸೆಂಬರಿನಲ್ಲಿ ಸಿದ್ಧವಾದದ್ದು ‘ನಾನ್ ಸ್ಟ್ಯಾಂಡ್ ಅಲೋನ್’, ಅಂದರೆ ಅವಲಂಬಿತ ವಿಧಾನ; ೨೦೧೮ರ ಜೂನಿನಲ್ಲಿ ಸಿದ್ಧವಾದದ್ದು ‘ಸ್ಟ್ಯಾಂಡ್ ಅಲೋನ್’, ಅಂದರೆ ಸ್ವತಂತ್ರ ವಿಧಾನ. ಫೋನುಗಳ ವಿವರಪಟ್ಟಿಯಲ್ಲಿ ಇವನ್ನು ಎನ್‌ಎಸ್‌ಎ ಮತ್ತು ಎಸ್‌ಎ ಎಂದು ಬರೆದಿರುತ್ತಾರೆ.

ಇವುಗಳ ಭೇದವನ್ನು ರೈಲ್ವೆಯ ಉದಾಹರಣೆಯಿಂದ ತಿಳಿಯಬಹುದು. ಹಳೆಯ ಹಳಿಯ ಪಕ್ಕದಲ್ಲಿ ವೇಗವಾದ ಹೊಸ ಹಳಿಯೊಂದನ್ನು ಹಾಕಿದ್ದಾರೆ. ಆದರೆ ಅದಕ್ಕೆ ಬೇರೆ ನಿಲ್ದಾಣ ಕಟ್ಟಿಲ್ಲ. ಹೊಸ ಹಳಿಯಲ್ಲಿ ಓಡಬೇಕಾದ ಗಾಡಿಯೂ ಹಳೆಯ ನಿಲ್ದಾಣದ ಮಾಸ್ತರರಿಂದಲೇ ಅಪ್ಪಣೆ ಪಡೆಯಬೇಕು. ಇದು ಅವಲಂಬಿತ ವಿಧಾನ. ಇಲ್ಲಿ ನಿಯಂತ್ರಣದ ಸಂದೇಶಗಳೆಲ್ಲ ೪ಜಿಯ ಮೂಲಕ ನಡೆಯುತ್ತವೆ. ಮಾಹಿತಿಯ ಹೊರೆಯನ್ನು ಹೊರುವುದಕ್ಕೆ ಮಾತ್ರ ೫ಜಿ ಒದಗುತ್ತದೆ. ಹೊಸ ಹಳಿಗೆ ತನ್ನದೇ ನಿಲ್ದಾಣ, ತನ್ನದೇ ಸಂಕೇತಕಂಬ ಇದ್ದರೆ ಅದು ಸ್ವತಂತ್ರ ವಿಧಾನ. ಮೊದಲನೆಯದರಲ್ಲಿ ಇರುವ ೪ಜಿ ವ್ಯವಸ್ಥೆಯನ್ನೇ ಬಳಸಿಕೊಂಡು ಬೇಗನೆ ಸೇವೆ ಆರಂಭಿಸಬಹುದು. ಎರಡನೆಯದಕ್ಕೆ ೫ಜಿಯ ಕೇಂದ್ರವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕು.

ಅವಲಂಬಿತ ವಿಧಾನದಲ್ಲಿ ಫೋನಿನ ಕೆಲಸ ಕಠಿಣ. ಅದು ೪ಜಿ, ೫ಜಿ ಎರಡರೊಡನೆಯೂ ಏಕಕಾಲದಲ್ಲಿ ಕೊಂಡಿ ಇಟ್ಟುಕೊಂಡಿರಬೇಕು. ಅಂಗೈಯಗಲದ ಪೆಟ್ಟಿಗೆಯೊಳಗೆ ಎರಡು ಆವೃತ್ತಿಗಳು ಒಟ್ಟಿಗೆ ಪ್ರೇಷಣಗೊಂಡಾಗ ಅವು ಬೆರೆತು ಮೂರನೆಯ ಆವೃತ್ತಿಗಳು ಹುಟ್ಟಿ, ಗ್ರಹಣಕ್ಕೆ ಅಡ್ಡಿಯಾಗುವ ಸಂಭವವೂ ಉಂಟು. ಈ ಹೊಣೆ ತಪ್ಪಿದರೆ ಫೋನಿನ ರೇಡಿಯೋ ಭಾಗ ಸರಳವಾಗುತ್ತದೆ. ಎ೪ ಫೋನಿನ ಸ್ನ್ಯಾಪ್‌ಡ್ರಾಗನ್ ೪ಎಸ್ ಜೆನ್ ೨ ಇಂಥ ಸರಳೀಕರಣದ ಫಲ: ಅದು ಸ್ವತಂತ್ರ ೫ಜಿಯನ್ನು ಮಾತ್ರ ಬಲ್ಲದು. ೧೩ಸಿ ಫೋನು ಎರಡನ್ನೂ ಬಲ್ಲದು.

ಭಾರತದಲ್ಲಿ ೫ಜಿ ಸೇವೆಯನ್ನು ಉದ್ಘಾಟಿಸಿದ್ದು ೨೦೨೨ರ ಅಕ್ಟೋಬರ್ ೧ರಂದು. ಏರ್‌ಟೆಲ್ ಅಂದೇ ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ ಅವಲಂಬಿತ ವಿಧಾನದಿಂದ ಸೇವೆಯನ್ನು ಆರಂಭಿಸಿತು. ಜಿಯೋ ಸ್ವತಂತ್ರ ವಿಧಾನವನ್ನು ಆರಿಸಿಕೊಂಡಿತು. ಇದರ ಪರಿಣಾಮ ಸ್ಪಷ್ಟ. ಜಿಯೋ ಸಿಮ್ ಇರುವವರ ಕೈಯಲ್ಲಿ ಎರಡು ಫೋನುಗಳೂ ೫ಜಿಯನ್ನು ಹಿಡಿಯುತ್ತವೆ. ಅವರು ಅಗ್ಗದ್ದನ್ನು ಕೊಂಡರೆ ಉಳಿದ ಹಣವೆಲ್ಲ ಲಾಭವೇ. ಅವಲಂಬಿತ ವಿಧಾನವಷ್ಟೇ ಇರುವ ಕಡೆ ಏರ್‌ಟೆಲ್ ಸಿಮ್ ಹಾಕಿದರೆ ೧೩ಸಿ ಫೋನಿನಲ್ಲಿ ೫ಜಿ ಬರುತ್ತದೆ. ಎ೪ ಫೋನು ಟವರಿನ ಕೆಳಗೇ ನಿಂತರೂ ೪ಜಿಯಲ್ಲಿಯೇ ಉಳಿಯುತ್ತದೆ. ಎರಡು ಪೆಟ್ಟಿಗೆಗಳ ಮೇಲೂ ಇರುವುದು ಅದೇ ‘೫ಜಿ’ ಎಂಬ ಗುರುತು!

ಇದನ್ನು ಎ೪ ಫೋನಿನ ದೋಷವೆಂದು ತಿಳಿಯಬೇಕಾಗಿಲ್ಲ. ಕಂಪನಿಗಳು ಅವಲಂಬಿತದಿಂದ ಸ್ವತಂತ್ರದ ಕಡೆಗೆ ಸಾಗುವುದೇ ಸಹಜವಾದ ಕ್ರಮ. ಹಾಗೆ ಸಾಗಿದ ಊರುಗಳಲ್ಲಿ ಈ ಕೊರತೆ ತಾನಾಗಿ ಮರೆಯಾಗುತ್ತದೆ. ಆದರೆ ಫೋನು ಕೊಳ್ಳುವವರು ತಮ್ಮ ಊರಿನ ಇಂದಿನ ಸ್ಥಿತಿಯನ್ನು ತಿಳಿದು ಕೊಳ್ಳಬೇಕೇ ಹೊರತು ಮುಂದಿನ ಭರವಸೆಯನ್ನು ನಂಬಿಯಲ್ಲ.

ವೇಗ ಎಷ್ಟು ಬೇಕು?

ಕೊನೆಯದಾಗಿ ಒಂದು ಲೆಕ್ಕ. ೩೦೦ ಮೆಗಾಬೈಟಿನ ಒಂದು ಉಪನ್ಯಾಸದ ವಿಡಿಯೋವನ್ನು ಇಳಿಸಿಕೊಳ್ಳಬೇಕಾಗಿದೆ. ಒಂದು ಬೈಟಿಗೆ ಎಂಟು ಬಿಟ್‌ಗಳಂತೆ ಅದು ೨,೪೦೦ ಮೆಗಾಬಿಟ್ ಆಯಿತು. ಸೆಕೆಂಡಿಗೆ ೪೦ ಮೆಗಾಬಿಟ್ ವೇಗದಲ್ಲಿ ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ೪೦೦ ಮೆಗಾಬಿಟ್ ವೇಗದಲ್ಲಿ ಆರು ಸೆಕೆಂಡು. ಉಳಿಯುವುದು ೫೪ ಸೆಕೆಂಡು. ದಿನಕ್ಕೆ ಒಂದೆರಡು ಪಾಠಗಳನ್ನು ನೋಡುವ ವಿದ್ಯಾರ್ಥಿಗೆ ಈ ಉಳಿತಾಯ ೧,೫೦೦ ರೂಪಾಯಿಯ ಬೆಲೆಯದೇ ಎಂಬುದನ್ನು ಅವರವರೇ ನಿರ್ಧರಿಸಬೇಕು. ಹಾಸ್ಟೆಲಿನ ಕೋಣೆಯಲ್ಲಿ ನಾಲ್ವರು ಒಂದೇ ಫೋನಿನ ಸಂಪರ್ಕವನ್ನು ಹಂಚಿಕೊಳ್ಳುವುದಾದರೆ ಉತ್ತರ ಬೇರೆಯಾದೀತು.

ಆದುದರಿಂದ ಅಂಗಡಿಯಲ್ಲಿ ಹಣವನ್ನು ಎಣಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ನಾನು ಬಳಸುವ ಸಿಮ್ ಯಾವ ಕಂಪನಿಯದು? ನನ್ನ ಊರಿನಲ್ಲಿ ಆ ಕಂಪನಿಯ ೫ಜಿ ಇದೆಯೇ, ಇದ್ದರೆ ಅದು ಸ್ವತಂತ್ರವೋ ಅವಲಂಬಿತವೋ? ಈ ಫೋನಿನ ವಿವರಪಟ್ಟಿಯಲ್ಲಿ ಆ ವಿಧಾನದ ಹೆಸರೂ ಆ ಆವೃತ್ತಿ ಪಟ್ಟಿಯ ಸಂಖ್ಯೆಯೂ ನಮೂದಾಗಿವೆಯೇ? ೭೦೦ ಮೆಗಾಹರ್ಟ್ಸಿಗೆ ‘ಎನ್ ೨೮’ ಎಂದೂ ೩,೩೦೦ಕ್ಕೆ ‘ಎನ್ ೭೮’ ಎಂದೂ ಬರೆದಿರುತ್ತಾರೆ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಪರದೆಯ ಅಗಲ, ಕ್ಯಾಮರಾ, ಬಣ್ಣ ಇವುಗಳ ವಿಚಾರವನ್ನು ನೆಮ್ಮದಿಯಿಂದ ಮಾಡಬಹುದು.