ಹಲಗೆ ತೇಲುತ್ತದೆ, ಸರಿ. ಕೆರೆಯ ಗುಣ ಗೊತ್ತೆ?

ಹತ್ತಡಿ ಉದ್ದದ ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಮನುಷ್ಯ, ಕೈಯಲ್ಲಿ ಉದ್ದನೆಯ ಹುಟ್ಟು. ಇದೇ ಪ್ಯಾಡಲ್ ಬೋರ್ಡ್. ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರದಲ್ಲಿ 2024ರ ಮಾರ್ಚ್‌ನಲ್ಲಿ ಇದರ ಅಂತರರಾಷ್ಟ್ರೀಯ ಪಂದ್ಯವೇ ನಡೆಯಿತು. ಗಾಳಿ ತುಂಬುವ ಬಗೆಯದಾದರೆ ಸುರುಳಿ ಸುತ್ತಿ, ಚೀಲಕ್ಕೆ ಹಾಕಿ, ಬಸ್ಸಿನಲ್ಲೇ ಕೆರೆಗೂ ಒಯ್ಯಬಹುದು. ಬೆಳಗಿನ ತಂಪಿನಲ್ಲಿ ನೀರಿನ ಮೇಲೆ ನಡೆದಂತೆ ಹೋಗುವ ಸುಖವೇ ಬೇರೆ. ಇದೆಂಥ ಹುಚ್ಚು ಎಂದು ಮೂಗು ಮುರಿಯಬೇಕಿಲ್ಲ. ತೆಪ್ಪ, ಹರಿಗೋಲು ಕಂಡ ನಾಡಿಗೆ ಇದೇನು ತೀರಾ ಪರಕೀಯವಲ್ಲ.

ಆದರೆ ಹರಿಗೋಲಿನವನಿಗೆ ನೀರಿನ ಗುಣ ಗೊತ್ತು. ಹಲಗೆ ಕೊಂಡವನಿಗೆ ಗೊತ್ತೆ? ಪ್ರಶ್ನೆ ಇರುವುದು ಇಲ್ಲಿ.

ಕೆರೆ ಎಂದರೆ ಈಜುಕೊಳವಲ್ಲ ಸ್ವಾಮಿ. ಅದಕ್ಕೆ ಏರಿ ಉಂಟು, ತೂಬು ಉಂಟು, ಕೋಡಿ ಉಂಟು. ತೂಬು ಎತ್ತಿದಾಗ ನೀರು ಮೇಲೆ ಕನ್ನಡಿಯಂತಿದ್ದರೂ ಅಡಿಯಲ್ಲಿ ಸೆಳೆತ ಇರುತ್ತದೆ. ಮಣ್ಣು ತೆಗೆದ ಗುಂಡಿಗಳಿದ್ದರೆ, ಮೊಣಕಾಲುದ್ದ ನೀರೆಂದು ಇಳಿದವನಿಗೆ ಮುಂದಿನ ಹೆಜ್ಜೆಗೇ ಆಳುದ್ದ. ಹೂಳಿನಲ್ಲಿ ಕಾಲು ಸಿಕ್ಕಿತೆಂದರೆ ಈಜು ಬಲ್ಲವನೂ ಒದ್ದಾಡಬೇಕು.

ಕೋಡಿಯಂತೂ ದೂರದಿಂದಲೇ ಕೈಮುಗಿಯಬೇಕಾದ ಜಾಗ. ವೇಲ್ಸ್ ದೇಶದ ಹಾವರ್‌ಫರ್ಡ್‌ವೆಸ್ಟ್ ಎಂಬ ಊರಿನಲ್ಲಿ 2021ರ ಅಕ್ಟೋಬರ್ 30ರಂದು ಪ್ಯಾಡಲ್ ಬೋರ್ಡಿನವರ ತಂಡವೊಂದು ತುಂಬಿದ ಹೊಳೆಗೆ ಇಳಿಯಿತು. ಅಡ್ಡಲಾಗಿ ಕಟ್ಟಿದ್ದ ಕಟ್ಟೆಯ ಮೇಲಿಂದ ನೀರು ಧುಮುಕುತ್ತಿತ್ತು. ನಾಲ್ವರ ಪ್ರಾಣ ಹೋಯಿತು. ತಂಡವನ್ನು ಕರೆದೊಯ್ದವರಿಗೆ 2025ರಲ್ಲಿ ಜೈಲು ಶಿಕ್ಷೆಯಾಯಿತು. ಹೊಳೆಯ ಕಟ್ಟೆಯಾದರೇನು, ಕೆರೆಯ ಕೋಡಿಯಾದರೇನು, ಧುಮುಕುವ ನೀರಿನ ಬುದ್ಧಿ ಒಂದೇ.

ಮೊದಲನೆಯದು ಲೈಫ್ ಜಾಕೆಟ್. "ನಂಗೆ ಈಜು ಬರುತ್ತೆ ಬಿಡ್ರಿ" ಎನ್ನುವ ಮಾತು ದಡದಲ್ಲಿ ಚೆಂದ. ಅಮೆರಿಕದ ಕೋಸ್ಟ್ ಗಾರ್ಡ್ 2008ರಲ್ಲೇ ಇದನ್ನು ಆಟಿಕೆಯಲ್ಲ, ದೋಣಿ ಎಂದು ಪರಿಗಣಿಸಿತು. ಈಜುವ ಮತ್ತು ಅಲೆಯಾಟದ ಜಾಗ ಬಿಟ್ಟು ಬೇರೆಡೆ ಹೋದರೆ ಜಾಕೆಟ್ ಜೊತೆಗಿರಲೇಬೇಕು ಎಂದಿತು. ಜೊತೆಗಿಟ್ಟರೆ ಸಾಲದು, ತೊಟ್ಟುಕೊಳ್ಳುವುದೇ ಜಾಣತನ.

ಎರಡನೆಯದು, ಹಲಗೆಗೂ ಮೈಗೂ ಕಟ್ಟುವ ಹಗ್ಗ. ಬಿದ್ದಾಗ ಗಾಳಿ ಹಲಗೆಯನ್ನು ನಾವು ಈಜುವುದಕ್ಕಿಂತ ಬೇಗ ತಳ್ಳಿಕೊಂಡು ಹೋಗುತ್ತದೆ. ಹಗ್ಗವಿದ್ದರೆ ಹಲಗೆಯೇ ಆಸರೆ. ನಿಂತ ನೀರಿನಲ್ಲಿ ಪಾದಕ್ಕೆ ಕಟ್ಟಿದರಾಯಿತು. ಹರಿಯುವ ನೀರಿನಲ್ಲಿ ಅದೇ ಹಗ್ಗ ಕಲ್ಲಿಗೋ ಕೊಂಬೆಗೋ ಸಿಕ್ಕಿ ಮುಳುಗಿಸೀತು. ಅಲ್ಲಿ ಸೊಂಟದಿಂದ ಒಂದೇ ಎಳೆತಕ್ಕೆ ಕಳಚುವ ಪಟ್ಟಿ ಬೇಕು.

ಮೂರನೆಯದು ಗಾಳಿ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಅದೇ ದಡಕ್ಕೆ ತಳ್ಳುತ್ತದೆ. ಗಾಳಿ ಜೋರಾದರೆ ನಿಲ್ಲುವ ಹಟ ಬಿಟ್ಟು ಮಂಡಿಯೂರಿ ಹುಟ್ಟು ಹಾಕಬೇಕು. ಗುಡುಗು ಕೇಳಿದ ಕೂಡಲೇ ದಡ ಸೇರಬೇಕು. ಎಷ್ಟು ಹೊತ್ತಿಗೆ ವಾಪಸ್ಸೆಂದು ಮನೆಯಲ್ಲಿ ಹೇಳಿಯೇ ಹೊರಡಬೇಕು. ಒಬ್ಬರೇ ಹೋಗುವುದಂತೂ ಬೇಡವೇ ಬೇಡ.

ಕೆರೆಗೆ ಹಲಗೆಯವರೊಬ್ಬರೇ ವಾರಸುದಾರರಲ್ಲ. ಮೀನು ಗುತ್ತಿಗೆ ಹಿಡಿದವರ ಬಲೆ ನೀರೊಳಗಿರುತ್ತದೆ. ಬಲೆ ಹರಿದರೆ ಅವರ ಹೊಟ್ಟೆಗೆ ಏಟು, ಬಲೆಗೆ ಸಿಕ್ಕಿಕೊಂಡರೆ ಹಲಗೆಯವನ ಜೀವಕ್ಕೆ ಕುತ್ತು. ಹೋಗುವ ಮುನ್ನ "ಅಣ್ಣಾ, ಬಲೆ ಎಲ್ಲಿ ಬಿಟ್ಟಿದ್ದೀರಿ?" ಎಂದು ಕೇಳಿದರೆ ಗಂಟೇನೂ ಹೋಗದು. ತೂಬು, ಗುಂಡಿಗಳ ಲೆಕ್ಕವನ್ನೂ ಅವರೇ ಹೇಳಿಯಾರು. ಹಕ್ಕಿ ಗೂಡು ಕಟ್ಟಿದ ನಡುಗಡ್ಡೆಯ ಹತ್ತಿರ ಸುಳಿಯಬಾರದು. ತಾಯಿ ಬೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ, ಕಾಗೆಗೆ. ಹಲಗೆಗೆ ಅಂಟಿದ ಜಲಕಳೆಯ ಚೂರು ಒಂದು ಕೆರೆಯಿಂದ ಇನ್ನೊಂದಕ್ಕೆ ಸೇರಿದರೆ ಸಾಕು, ಆ ಕೆರೆಯೂ ಹಸಿರು ಮುಚ್ಚೀತು. ದಡದಲ್ಲೇ ಕಿತ್ತು, ತೊಳೆದು ಒಣಗಿಸಬೇಕು. ಕೆರೆ ಯಾರ ಸುಪರ್ದಿನಲ್ಲಿದೆಯೋ ಅವರ ಅಪ್ಪಣೆ ಕೇಳುವುದು ಇದೆಲ್ಲಕ್ಕೂ ಮೊದಲಿನ ಮಾತು.

ಬೋರ್ಡು ಮಾರುವ, ಬಾಡಿಗೆಗೆ ಕೊಡುವ ಅಂಗಡಿಯವರಿಗೂ ಒಂದು ಮಾತು. ಹಲಗೆಯ ಜೊತೆಗೇ ಜಾಕೆಟ್ಟು, ಹಗ್ಗ ಮುಂದಿಡಿ. ಬೇಡ ಎಂದ ಗಿರಾಕಿಗೆ ಹಲಗೆಯನ್ನೂ ಕೊಡಬೇಡಿ. ಒಂದು ದಿನದ ವ್ಯಾಪಾರ ಹೋದೀತು, ಗಿರಾಕಿ ಉಳಿದಾನು.