ಹಾಡಿನ ಹಿಂದಿನ ಅಪಸ್ವರ ಹಿಡಿಯುವವರು

ಕಾರಿನ ಕೀಲಿ ತಿರುಗಿಸಿ ಹಾಡು ಹಾಕುತ್ತೀರಿ. ಎಂಜಿನ್ ಶುರುವಾಗುವ ತನಕ ಎಲ್ಲ ಸರಿ. ಶುರುವಾದದ್ದೇ ತಡ, ಹಾಡಿನ ಹಿಂದೆ ಸಣ್ಣಗೆ 'ಕುಯ್' ಎನ್ನುವ ಸದ್ದು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಸ್ಪೀಕರ್ ಹೋಯಿತೇ, ಆಂಪ್ಲಿಫೈಯರ್ ಕೆಟ್ಟಿತೇ, ಸ್ಟೀರಿಯೊ ಬದಲಾಯಿಸಬೇಕೇ ಎಂದು ಕಾರಿನವರು ಚಿಂತಿಸುತ್ತಾರೆ. ಅನುಭವಸ್ಥ ಆಟೊ ಎಲೆಕ್ಟ್ರಿಷಿಯನ್ ಕೇಳುವುದು ಒಂದೇ ಪ್ರಶ್ನೆ: 'ಅರ್ತ್ ಎಲ್ಲಿ ಕೊಟ್ಟಿದ್ದಾರೆ ಸರ್?'

ಅರ್ತ್ ಎಂದರೆ ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ಜೋಡಣೆ. ಕಾರಿನ ಸಂಗೀತದ ಕಾಯಿಲೆ ಬಹುಮಟ್ಟಿಗೆ ಕರೆಂಟ್ ಬಂದು ಹೋಗುವ ದಾರಿಯಲ್ಲೇ ಅಡಗಿರುತ್ತದೆ. ಆ ದಾರಿಯನ್ನು ಅಳೆದು, ಒಂದೊಂದೇ ಜೋಡಣೆ ತಡವಿ, ತಪ್ಪು ಎಲ್ಲಿದೆಯೆಂದು ಹಿಡಿಯುವುದೇ ಒಂದು ಕಸುಬು. ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿ ಸಾಲಿನಲ್ಲಿ ಈ ಕಸುಬಿನವರು ಸಿಗುತ್ತಾರೆ. ತಾಲ್ಲೂಕು ಊರುಗಳ 'ಆಟೊ ಎಲೆಕ್ಟ್ರಿಕಲ್ ವರ್ಕ್ಸ್' ಬೋರ್ಡುಗಳ ಕೆಳಗೂ ಸಿಗುತ್ತಾರೆ. ಅವರ ಸಾಮಾನು ಹೆಚ್ಚೇನಿಲ್ಲ. ಒಂದು ಮಲ್ಟಿಮೀಟರ್, ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಸೋಲ್ಡರಿಂಗ್ ಐರನ್, ಕಟಿಂಗ್ ಪ್ಲಯರ್, ಒಂದು ತುಂಡು ಎಮ್ರಿ ಪೇಪರ್, ಒಂದು ಪೆನ್ಸಿಲ್ ಸೆಲ್. ಉಳಿದದ್ದೆಲ್ಲ ಕಿವಿ ಮತ್ತು ತಾಳ್ಮೆ.

ಮೊದಮೊದಲ ಕಾರ್ ರೇಡಿಯೊಗಳ ತಲೆನೋವು

ಸದ್ದಿನ ಈ ಕಾಟ ಕಾರ್ ರೇಡಿಯೊದಷ್ಟೇ ಹಳೆಯದು. ಅಮೆರಿಕದ ಷಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್ 1930ರಲ್ಲಿ ಕಾರಿಗೆಂದೇ ರೇಡಿಯೊ ತಯಾರಿಸಿ 'ಮೋಟೊರೋಲಾ' ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟರು. ಅದನ್ನು ರೂಪಿಸಿದವರಲ್ಲಿ ವಿಲಿಯಂ ಲಿಯರ್ ಮತ್ತು ಎಲ್ಮರ್ ವೇವರಿಂಗ್ ಮುಖ್ಯರು. ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೊದಲ್ಲಿ 'ಟಿಕ್ ಟಿಕ್' ಎಂದು ಕೇಳುತ್ತಿತ್ತು. ಜನರೇಟರ್, ಇಗ್ನಿಷನ್, ಪ್ಲಗ್ಗಿನ ವೈರುಗಳ ಸದ್ದನ್ನು ಒಂದೊಂದಾಗಿ ಹುಡುಕಿ ಅಡಗಿಸಿದ ಮೇಲೆಯೇ ಕಾರಿನಲ್ಲಿ ಹಾಡು ಕೇಳುವ ಮಾತು. ಇದೇ ವೇವರಿಂಗ್ ಮುಂದೆ ಕಾರಿಗೆ ಒಗ್ಗುವ ಆಲ್ಟರ್ನೇಟರ್ ಬೆಳೆಸುವ ಕೆಲಸದಲ್ಲೂ ತೊಡಗಿದರು. ಎಂಜಿನ್ ಜೊತೆ ಏರಿಳಿಯುವ ಇಂದಿನ 'ಕುಯ್' ಸದ್ದಿನ ತವರು ಆ ಆಲ್ಟರ್ನೇಟರೇ.

ಆಲ್ಟರ್ನೇಟರ್ ಮೊದಲು ಹುಟ್ಟಿಸುವುದು ಎಸಿ ಕರೆಂಟ್. ಅದರೊಳಗಿನ ಡಯೋಡುಗಳು ಅದನ್ನು ಡಿಸಿಗೆ ತಿರುಗಿಸುತ್ತವೆ. ಆದರೂ ಸಣ್ಣದೊಂದು ಏರಿಳಿತ ಉಳಿದೇ ಉಳಿಯುತ್ತದೆ. ವೈರಿಂಗ್ ಸರಿಯಿದ್ದರೆ ಅದು ಬ್ಯಾಟರಿಯಲ್ಲೇ ಕರಗುತ್ತದೆ, ಸರಿಯಿಲ್ಲದಿದ್ದರೆ ಸ್ಪೀಕರಿಗೆ ನುಗ್ಗುತ್ತದೆ.

ಹಳದಿ, ಕೆಂಪು, ಕಪ್ಪು

ಹೊರಗಿನಿಂದ ತಂದು ಹಾಕಿಸುವ ಸ್ಟೀರಿಯೊಗಳಲ್ಲಿ ವೈರುಗಳ ಬಣ್ಣಕ್ಕೊಂದು ರೂಢಿಯಿದೆ. ಹಳದಿಯಲ್ಲಿ ಸದಾ 12 ವೋಲ್ಟ್ ಇರಬೇಕು. ಗಡಿಯಾರ, ರೇಡಿಯೊ ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಕಪ್ಪು ಅರ್ತಿಗೆ. ನೀಲಿಯ ಮೇಲೆ ಬಿಳಿ ಗೆರೆಯಿದ್ದರೆ ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ವೈರು. ಬಿಳಿ, ಬೂದು, ಹಸಿರು, ನೇರಳೆ ನಾಲ್ಕು ಸ್ಪೀಕರುಗಳವು.

ಈ ರೂಢಿ ಗೊತ್ತಿದ್ದರೆ ಅರ್ಧ ದೂರು ಅಲ್ಲೇ ಬಗೆಹರಿಯುತ್ತದೆ. ಕಾರು ನಿಲ್ಲಿಸಿದಾಗಲೆಲ್ಲ ಸ್ಟೇಷನ್ನುಗಳು ಅಳಿಸಿಹೋಗುತ್ತಿದ್ದರೆ ಹಳದಿ, ಕೆಂಪು ಅದಲುಬದಲಾಗಿವೆ, ಇಲ್ಲವೇ ಹಳದಿಯ ಫ್ಯೂಸ್ ಹೋಗಿದೆ. ಕೆಲವು ಯುರೋಪಿನ ಕಾರುಗಳಲ್ಲಿ ವೈರುಗಳನ್ನು ಸ್ಟೀರಿಯೊಗೆ ಜೋಡಿಸುವ ಕಪ್ಲರಿನಲ್ಲಿ ಈ ಎರಡು ಪಿನ್ನುಗಳ ಜಾಗವೇ ಬೇರೆ. ಆದ್ದರಿಂದ ಕಂಪನಿಯಿಂದ ಬಂದ ವೈರಿನ ಬಣ್ಣವನ್ನು ಯಾರೂ ನಂಬುವುದಿಲ್ಲ, ಮೀಟರ್ ಇಟ್ಟೇ ನೋಡುತ್ತಾರೆ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಈ ಲೆಕ್ಕ ತಪ್ಪಿದ್ದರೆ ಸ್ಟೀರಿಯೊ ಬಿಚ್ಚುವ ಮೊದಲು ಬ್ಯಾಟರಿ, ಆಲ್ಟರ್ನೇಟರ್ ನೋಡಬೇಕು.

ಅರ್ತ್ ಹಿಡಿದರೆ ರೋಗ ಸಿಕ್ಕಿತು

ವೂಫರ್ ಜೋರಾಗಿ ಬಡಿದಾಗಲೆಲ್ಲ ಆಂಪ್ಲಿಫೈಯರ್ ಆಫ್ ಆಗುವ ಕಾರೊಂದು ಅಂಗಡಿಗೆ ಬಂದಿದೆ ಎನ್ನೋಣ. 'ಆಂಪ್ ಹೋಗಿದೆಯಂತೆ ಅಣ್ಣ, ಹೊಸದೇ ಹಾಕಿಬಿಡಿ' ಎನ್ನುತ್ತಾರೆ ಗಿರಾಕಿ. 'ಇರಿ ಸರ್, ಮೊದಲು ಅಳೆಯೋಣ' ಎಂದು ಇವರು ಡಿಕ್ಕಿ ತೆಗೆಯುತ್ತಾರೆ. ಉದ್ದನೆಯ ವೈರು ಎಳೆದು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಆಂಪಿನ ಅರ್ತ್ ಸ್ಕ್ರೂವಿಗೆ ಮುಟ್ಟಿಸುತ್ತಾರೆ. ಹಾಡಿನ ಸದ್ದು ಏರಿಸುತ್ತಾರೆ. ಎರಡೂ ಅರ್ತೇ ಆದ್ದರಿಂದ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು, 0.1, 0.2 ವೋಲ್ಟ್ ಇದ್ದರೆ ಅಡ್ಡಿಯಿಲ್ಲ. ಇಲ್ಲಿ ಪ್ರತಿ ಬಡಿತಕ್ಕೂ ಅಂಕಿ 2ರ ಹತ್ತಿರ ಜಿಗಿಯುತ್ತದೆ.

ಕಾರಣ ಬೋಲ್ಟಿನ ಕೆಳಗಿದೆ. ಅರ್ತ್ ವೈರಿನ ಲಗ್ಗನ್ನು, ಅಂದರೆ ತುದಿಯ ಲೋಹದ ಬಳೆಯನ್ನು, ಬಣ್ಣದ ಮೇಲೆಯೇ ಬಿಗಿದಿದ್ದಾರೆ. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ, ಬೋಲ್ಟಿನ ಥ್ರೆಡ್ ತಗಲಿದಷ್ಟರಲ್ಲೇ ಎಲ್ಲವೂ ನುಸುಳಬೇಕು. ಅಲ್ಲಿ 0.05 ಓಮ್ ತಡೆಯಿದ್ದರೂ ಸಾಕು, 40 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲೇ ನಷ್ಟ. ಬಚ್ಚಲ ಕಂಡಿ ಕಟ್ಟಿಕೊಂಡರೆ ನಲ್ಲಿ ಎಷ್ಟು ಚೆನ್ನಾಗಿದ್ದರೇನು? ಬಂದ ಕರೆಂಟ್ ಸಲೀಸಾಗಿ ಹಿಂದಿರುಗದಿದ್ದರೆ ಆಂಪ್ ತನ್ನನ್ನು ಕಾಪಾಡಿಕೊಳ್ಳಲು 'ಪ್ರೊಟೆಕ್ಟ್' ದೀಪ ಹಚ್ಚಿ ಮಲಗುತ್ತದೆ.

ಬೋಲ್ಟ್ ಬಿಚ್ಚಿ, ಎಮ್ರಿ ಪೇಪರಿನಿಂದ ಬಣ್ಣ ತಿಕ್ಕಿ ಲೋಹ ಹೊಳೆಯುವಂತೆ ಮಾಡಿ, ಲಗ್ಗನ್ನು ಬಿಗಿಯಾಗಿ ಕೂರಿಸಿ, ತುಕ್ಕು ಹಿಡಿಯದಂತೆ ಅದರ ಮೇಲೆ ಬಣ್ಣ ಸವರುತ್ತಾರೆ. ಮತ್ತೆ ಅಳೆದಾಗ ಅಂಕಿ 0.1ರ ಆಸುಪಾಸಿಗೆ ಇಳಿದಿರುತ್ತದೆ. ಆಂಪ್ ಚೆನ್ನಾಗಿಯೇ ಇತ್ತು.

'ಕುಯ್' ಸದ್ದಿಗೂ ಹೀಗೇ ಹಂತ ಹಂತವಾದ ಹುಡುಕಾಟ. ಸ್ಟೀರಿಯೊದಿಂದ ಆಂಪಿಗೆ ಹಾಡು ತರುವ ಆರ್‌ಸಿಎ ಕೇಬಲ್ ಕಿತ್ತಾಗಲೂ ಸದ್ದು ಬರುತ್ತಿದ್ದರೆ ದೋಷ ಆಂಪಿನ ಕಡೆ. ನಿಂತುಹೋದರೆ ಸ್ಟೀರಿಯೊ ಅಥವಾ ಕೇಬಲಿನ ಕಡೆ. ಸ್ಟೀರಿಯೊ ಒಂದು ಕಡೆ, ಆಂಪ್ ಇನ್ನೊಂದು ಕಡೆ ಅರ್ತ್ ಆಗಿ, ಆ ಎರಡು ಜಾಗಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಬೇಡದ ಕರೆಂಟ್ ಆರ್‌ಸಿಎ ಕೇಬಲಿನ ಹೊರಕವಚದ ಮೂಲಕ ಹರಿದು ಸದ್ದಾಗುತ್ತದೆ. ಇದೇ ಗ್ರೌಂಡ್ ಲೂಪ್. ದಪ್ಪ ಪವರ್ ಕೇಬಲ್ ಮತ್ತು ಆರ್‌ಸಿಎ ಒಂದೇ ಬದಿಯಲ್ಲಿ ಒತ್ತಾಗಿ ಸಾಗಿದ್ದರೂ ಸದ್ದು ಹತ್ತುತ್ತದೆ. ಒಂದನ್ನು ಕಾರಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆಯುವುದು ಒಳ್ಳೆಯ ಕೆಲಸಗಾರರ ಪದ್ಧತಿ. ಇದಾವುದೂ ಅಲ್ಲದಿದ್ದರೆ ಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಗೆ ಹಿಡಿಯುತ್ತಾರೆ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ. ಸದ್ದು ತಡೆಯುವ ಫಿಲ್ಟರ್ ಹಾಕಿ ಕಳಿಸಿಬಿಡುವುದು ಸುಲಭ, ಆದರೆ ಕೆಟ್ಟ ಅರ್ತ್ ಅದರ ಹಿಂದೆ ಹಾಗೆಯೇ ಉಳಿದಿರುತ್ತದೆ.

ಪೆನ್ಸಿಲ್ ಸೆಲ್ ಹೇಳುವ ಸಂಗತಿ

4 ಓಮ್ ಸ್ಪೀಕರನ್ನು ಬಿಡಿಸಿ ಅಳೆದರೆ ಮೀಟರ್ ಸಾಮಾನ್ಯವಾಗಿ 3.2ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ. ಬಾಸ್ ತೆಳುವಾಗಿದ್ದರೆ ಒಂದು ಸ್ಪೀಕರಿನ ಪ್ಲಸ್, ಮೈನಸ್ ಉಲ್ಟಾ ಆಗಿರಬಹುದು. 1.5 ವೋಲ್ಟ್ ಸೆಲ್ಲನ್ನು ಅದರ ವೈರುಗಳಿಗೆ ಕ್ಷಣಮಾತ್ರ ಮುಟ್ಟಿಸಿದಾಗ ಕೋನ್ ಹೊರಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಬಾಗಿಲು ತೆಗೆದಾಗ ನಿಂತು, ಹಾಕಿದಾಗ ಹಾಡುವ ಸ್ಪೀಕರಿಗೆ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ಮುರಿದ ವೈರು ಕಾರಣ.

ಹಳೆಯ ರೇಡಿಯೊಗಳಲ್ಲಿ ಸ್ಪೀಕರಿನ ಮೈನಸ್ಸನ್ನು ಕಾರಿನ ಬಾಡಿಗೇ ಜೋಡಿಸುವುದಿತ್ತು. ಈಗಿನ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ವೈರುಗಳಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಮೈನಸ್ ಎಂದು ಬಾಡಿಗೆ ತಾಗಿಸಿದರೆ ಒಳಗಿನ ಐಸಿ ಸುಡಬಹುದು. ವೈರಿಗೆ ಬೇರೆ ಶತ್ರುಗಳೂ ಇವೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ತಾಮ್ರದ ಎಳೆಗಳು ಕಿಲುಬು ಹಿಡಿಯುತ್ತವೆ. ನಿಲ್ಲಿಸಿದ ಕಾರಿನೊಳಗೆ ಸೇರಿ ವೈರು ಕಡಿಯುವ ಇಲಿಗಳು ಎಲ್ಲ ಊರಿನ ಕಾಟ.

ಬೆಂಕಿಯ ಭಯ, ಬ್ಯಾಟರಿಯ ಲೆಕ್ಕ

ಫ್ಯೂಸ್ ಇರುವುದು ವೈರನ್ನು ಕಾಯಲು. ಆಂಪಿಗೆ ಹೋಗುವ ಕೇಬಲಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಅದಿಲ್ಲದೆ ಕೇಬಲ್ ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲೇ ಬೆಂಕಿಯಾಗುತ್ತದೆ. ಕೆಂಪು ಫ್ಯೂಸ್ 10 ಆಂಪಿಯರಿನದು, ನೀಲಿ 15, ಹಳದಿ 20. ಸುಟ್ಟ ಕೆಂಪಿನ ಜಾಗಕ್ಕೆ ಹಳದಿ ತುರುಕುವುದು ಅಪಾಯಕ್ಕೆ ಕರೆ. ಕೇಬಲ್ ಕೊಳ್ಳುವಾಗ ಎಳೆಯೊಂದನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಬಹುಪಾಲು ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದು ಹೊರಬಲ್ಲ ಕರೆಂಟ್ ಕಡಿಮೆ.

ಬೆಳಗ್ಗೆ ಕಾರು ಶುರುವಾಗದಿದ್ದರೂ ಸ್ಟೀರಿಯೊ ಕಾರಣವಿರಬಹುದು. ಎಲ್ಲ ಆಫ್ ಆಗಿ, ಕಾರಿನ ಕಂಪ್ಯೂಟರುಗಳು ಮಲಗಿದ ಮೇಲೆ ಬ್ಯಾಟರಿಯಿಂದ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬಾರದು. ಆಂಪಿನ ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ಹಳದಿಗೆ ಜೋಡಿಸಿ ಅರ್ಧ ಆಂಪಿಯರ್ ಹರಿಯುತ್ತಿದ್ದರೆ, ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ 70 ಗಂಟೆಯಲ್ಲಿ ಬರಿದು. ಮೂರು ದಿನವೂ ಇಲ್ಲ.

ಹುಡುಕಿದ್ದಕ್ಕೂ ಬೆಲೆಯಿದೆ

ಕಸುಬು ಈಗ ಬದಲಾಗುತ್ತಿದೆ. ಸ್ಟೀರಿಂಗ್ ಮೇಲಿನ ಬಟನ್ನು, ಹಿಂಬದಿ ಕ್ಯಾಮೆರಾ ಎಲ್ಲವೂ ಕಾರಿನ ಕಂಪ್ಯೂಟರಿಗೆ ಸೇರಿರುವುದರಿಂದ ವೈರು ಕತ್ತರಿಸುವ ಕಾಲ ಮುಗಿಯಿತು, ಆಯಾ ಮಾದರಿಯ ಕಪ್ಲರ್ ಹಾಕಿಯೇ ಕೆಲಸ ಮಾಡಬೇಕು. ಏರ್‌ಬ್ಯಾಗಿನ ಹಳದಿ ಕವಚದ ವೈರಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಬಾರದು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಕೇಬಲಿನಲ್ಲಿ ಪ್ರಾಣ ತೆಗೆಯುವ ವೋಲ್ಟೇಜ್ ಇರುತ್ತದೆ. ತರಬೇತಿ ಇಲ್ಲದವರು ಅದರ ತಂಟೆಗೇ ಹೋಗಬಾರದು.

ಕಾರಿನವರು ಮಾಡಬೇಕಾದದ್ದೂ ಇದೆ. ಅಂಗಡಿಗೆ ಹೋದಾಗ 'ಆಂಪ್ ಹೋಗಿದೆ' ಎಂದು ತೀರ್ಪು ಕೊಡುವ ಬದಲು ಲಕ್ಷಣ ಹೇಳಿ. ಸದ್ದು ಎಂಜಿನ್ ಜೊತೆ ಏರುತ್ತದೆಯೇ, ಹೆಡ್‌ಲೈಟ್ ಹಾಕಿದಾಗ ಬರುತ್ತದೆಯೇ, ಫೋನ್ ಚಾರ್ಜಿಗೆ ಹಾಕಿದಾಗ ಮಾತ್ರವೇ, ಮಳೆ ಬಂದ ಮೇಲೆ ಶುರುವಾಯಿತೇ? ಇಷ್ಟು ಗೊತ್ತಾದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಹೊಸ ಪಾರ್ಟ್ ಹಾಕುವ ಮೊದಲು ಮೀಟರಿನ ಅಂಕಿ ತೋರಿಸಿ ಎಂದು ಕೇಳಿ. ಕೆಲಸ ಬಲ್ಲವರು ಸಂತೋಷದಿಂದ ತೋರಿಸುತ್ತಾರೆ.

ಗಂಟೆಗಟ್ಟಲೆ ಹುಡುಕಿ ಕೊನೆಗೊಂದು ಬೋಲ್ಟ್ ತಿಕ್ಕಿ ಬಿಗಿದವರಿಗೆ 'ಏನೂ ಬದಲಾಯಿಸಲಿಲ್ಲವಲ್ಲ, ಇಷ್ಟೇಕೆ?' ಎಂದು ಚೌಕಾಸಿ ಮಾಡುವುದು ನಮ್ಮಲ್ಲಿದೆ. ಹಾಗೆ ಮಾಡಿದಷ್ಟೂ ಹುಡುಕುವ ಬದಲು ಪಾರ್ಟ್ ಮಾರುವುದೇ ಲಾಭವೆಂದು ಅಂಗಡಿಗಳಿಗೆ ನಾವೇ ಕಲಿಸಿದಂತೆ. ಸಾವಿರಾರು ರೂಪಾಯಿಯ ಆಂಪ್ಲಿಫೈಯರ್ ಉಳಿಸಿಕೊಟ್ಟವರಿಗೆ ಹುಡುಕಿದ ಹೊತ್ತಿನ ಕೂಲಿಯನ್ನು ಮನಸಾರೆ ಕೊಟ್ಟರೆ ಈ ಕಸುಬು ಉಳಿಯುತ್ತದೆ.