ಬೀರುವಿನ ಬೀಗ ತೆಗೀರಿ ಸ್ವಾಮಿ, ಮಕ್ಕಳು ಓದಲಿ!

ಚಿತ್ರದುರ್ಗ: ಮೊನ್ನೆ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿಗೆ ಹೋಗಿದ್ದೆ. ಮಾಲೀಕರ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಗಲ್ಲಾಪೆಟ್ಟಿಗೆ ಪಕ್ಕ ಕೂತು ಏನೋ ಓದುತ್ತಿದ್ದ. ಗಿರಾಕಿ ಎರಡು ಸಲ ಬೆಲ್ಲ ಕೇಳಿದರೂ ಅವನಿಗೆ ಕೇಳಿಸಲಿಲ್ಲ. ಇಣುಕಿ ನೋಡಿದೆ. ಪೊಟ್ಟಣ ಕಟ್ಟಲು ತಂದ ರದ್ದಿಯಲ್ಲಿ ಸಿಕ್ಕಿದ, ರಟ್ಟಿಲ್ಲದ ಪುಸ್ತಕ. ಮಂದಣ್ಣನ ಹೆಸರು ಕಂಡ ಕೂಡಲೇ ಗೊತ್ತಾಯಿತು, ತೇಜಸ್ವಿಯವರ 'ಕರ್ವಾಲೋ'. ಕೊನೆಯ ಹಾಳೆಗಳು ಕಿತ್ತುಹೋಗಿದ್ದವು.

"ಅಣ್ಣಾ, ಆ ಹಾರೋ ಓತಿ ಕೊನೆಗೆ ಸಿಕ್ತಾ, ಇಲ್ವಾ?" ಅಂದ.

"ನಿಮ್ಮ ಸ್ಕೂಲ್ ಲೈಬ್ರರೀಲಿ ಇರುತ್ತೆ, ಕೇಳೋ" ಅಂದೆ.

"ಅಲ್ಲಿ ಬೀರುಗೆ ಬೀಗ ಹಾಕಿದಾರೆ ಅಣ್ಣಾ."

ಮರುದಿನ ಆ ಶಾಲೆಗೆ ಹೋದೆ. ಹೆಸರು ಬೇಡ; ಇಂಥ ಶಾಲೆ ಇದೊಂದೇ ಅಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಎರಡು ಕಬ್ಬಿಣದ ಬೀರು. ಕೀಲಿ ಇಟ್ಟುಕೊಂಡ ಮೇಷ್ಟ್ರು ಕೆಟ್ಟವರೇನಲ್ಲ. "ಏನ್ ಮಾಡ್ಲಿ ಹೇಳಿ? ಸ್ಟಾಕ್ ರಿಜಿಸ್ಟರ್ ನನ್ನ ತಲೆ ಮೇಲಿದೆ. ಒಂದು ಪುಸ್ತಕ ಕಳೆದ್ರೂ ನಾನೇ ದುಡ್ಡು ಕಟ್ಟಬೇಕು" ಅಂದರು. ಲೈಬ್ರರಿಗೆ ಅಂತ ಬೇರೆ ಆಳಿಲ್ಲ. ಹೀಗಾಗಿ ಪುಸ್ತಕ ಭದ್ರ, ಓದುವವರು ಮಾತ್ರ ಹೊರಗೆ!

ಅವರಿಂದಲೇ ಬೀಗ ತೆಗೆಸಿ ನೋಡಿದೆ. ಧೂಳು ಹೊಡೆದರೆ ಒಳಗೆಲ್ಲ ಬಂಗಾರ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದಾದ ಕೆಲವು ಇಲ್ಲಿವೆ, ಅಪ್ಪ ಅಮ್ಮಂದಿರು ಗುರುತು ಹಾಕಿಕೊಳ್ಳಿ.

ಮೊದಲಿಗೆ 'ಕರ್ವಾಲೋ' (1980). ಮೂಡಿಗೆರೆ ಸೀಮೆಯ ಕಾಡು, ಜೇನು ಹಿಡಿಯುವ ಮಂದಣ್ಣ, ಅವನ ಬೆಲೆ ಗೊತ್ತಿದ್ದ ಒಬ್ಬ ವಿಜ್ಞಾನಿ. ಪುಸ್ತಕ ಅಂದರೆ ಓಡಿಹೋಗುವ ಹುಡುಗನೂ ಇದನ್ನು ಕೆಳಗಿಡೋದಿಲ್ಲ.

ಕಾರಂತರ 'ಚೋಮನ ದುಡಿ' (1933). ಎತ್ತು ಇದೆ, ಉಳೋಕೆ ನೆಲ ಇಲ್ಲ. ಜಾತಿಯ ಕಾರಣಕ್ಕೆ ಒಬ್ಬ ಮನುಷ್ಯ ಬೇಸಾಯಗಾರನಾಗುವ ಆಸೆಯನ್ನೇ ನುಂಗಬೇಕಾದ ಕಥೆ. ಪುಸ್ತಕ ಸಣ್ಣದು, ಸಂಕಟ ದೊಡ್ಡದು. ಇದರ ಜೊತೆಗೇ ದೇವನೂರ ಮಹಾದೇವರ 'ಒಡಲಾಳ' ಕೊಡಿ. ಸಾಕವ್ವನ ಹುಂಜ ಕಳೆದುಹೋದ ಗಲಾಟೆಯಲ್ಲಿ ಮಕ್ಕಳು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಹೆಣ್ಣುಮಕ್ಕಳಿಗೂ, ಅವರಿಗಿಂತ ಹೆಚ್ಚಾಗಿ ಗಂಡುಮಕ್ಕಳಿಗೂ, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976). ಬಾಲ್ಯದಲ್ಲೇ ವಿಧವೆಯಾದವಳ ಬಾಳು. ತ್ರಿವೇಣಿಯವರ 'ಶರಪಂಜರ'ವೂ ಇರಲಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಬಂದ ಹೆಂಗಸನ್ನು ಮನೆಯವರು, ನೆರೆಹೊರೆಯವರು ಹೇಗೆ ನೋಡಿದರು ಅನ್ನೋದು ಇವತ್ತಿಗೂ ಹಳೆಯದಾಗಿಲ್ಲ.

ಇನ್ನು ನಮ್ಮ ತ.ರಾ.ಸು. 1972ರ 'ನಾಗರಹಾವು' ಸಿನಿಮಾ ನೋಡದ ದುರ್ಗದವರುಂಟೆ? ಅದರ ಹಿಂದೆ ಇರೋದು ಅವರ ಮೂರು ಕಾದಂಬರಿ. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಕಾಲದ ಕಥೆ 'ದುರ್ಗಾಸ್ತಮಾನ'. 1985ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. ಪುಸ್ತಕ ದಪ್ಪ, ಹತ್ತನೇ ಕ್ಲಾಸಿನ ರಜೆಗೆ ಸರಿ. ದಿನಾ ಕೋಟೆ ನೋಡುವ ಮಕ್ಕಳು ಆಮೇಲೆ ಅದನ್ನು ಬೇರೆ ಕಣ್ಣಲ್ಲಿ ನೋಡುತ್ತಾರೆ.

"ಕಾದಂಬರಿ ಓದಿದ್ರೆ ಹುಡುಗರು ಮಾರ್ಕ್ಸ್ ತೆಗೀತಾರೇನ್ರೀ?" ಅಂತ ಅಂಗಡಿ ಯಜಮಾನರು ಕೇಳಿದರು. ಮಗ ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದಿದ್ದಾಗ ಈ ಪ್ರಶ್ನೆ ಯಾಕೆ ಏಳೋದಿಲ್ಲವೋ ಕಾಣೆ. ನನ್ನ ಕಥೆ ಕೇಳಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ತಮ್ಮ ಹೆಸರಲ್ಲಿ ಪುಸ್ತಕ ತೆಗೆದು ನನಗೆ ಕೊಡುತ್ತಿದ್ದರು. ಒಂದನ್ನು ನಾನು ಕಳೆದೂ ಬಿಟ್ಟೆ. ದುಡ್ಡು ಅವರೇ ಕಟ್ಟಿದರು, ನನ್ನನ್ನು ಬೈಯಲಿಲ್ಲ. ಇವತ್ತು ಈ ಕಾಲಂ ಬರೆದು ಅನ್ನ ತಿನ್ನುತ್ತಿರೋದು ಆ ಪುಸ್ತಕಗಳಿಂದ, ಮಾರ್ಕ್ಸ್ ಕಾರ್ಡಿನಿಂದಲ್ಲ.

ಅಂಗಡಿಯವರಿಗೆ ಇನ್ನೊಂದು ಮಾತು. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ, ನೂರಕ್ಕೆ ಆರು ರೂಪಾಯಿ ಲೆಕ್ಕದಲ್ಲಿ ಗ್ರಂಥಾಲಯ ಕರವೂ ಹೋಗುತ್ತದೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಹುಟ್ಟಿದ ಸಾರ್ವಜನಿಕ ಲೈಬ್ರರಿ ನಿಮ್ಮ ದುಡ್ಡಿನದೇ. ಶಾಲೆಯಲ್ಲಿ ಸಿಗದ ಪುಸ್ತಕ ಅಲ್ಲಿ ಕೇಳಿ. ಹಳ್ಳಿಯಿಂದ ಬಸ್ಸಲ್ಲಿ ಬರುವವರು ನಿಮ್ಮ ಪಂಚಾಯಿತಿ ಲೈಬ್ರರಿಗೆ ಮಕ್ಕಳನ್ನು ಕರೆದೊಯ್ಯಿರಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ.

ಬೀಗದ ಮೇಷ್ಟ್ರು ಕೊನೆಗೆ ಒಂದು ದಾರಿಗೆ ಬಂದರು. ಶನಿವಾರ ಬೆಳಗಿನ ಸ್ಕೂಲಿನ ಕೊನೇ ಪಿರಿಯಡ್‌ನಲ್ಲಿ ಬೀರು ತೆಗೆಯುತ್ತಾರಂತೆ. ಇಬ್ಬರು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಾರಂತೆ. ಕಳೆದ ಪುಸ್ತಕದ ದುಡ್ಡಿಗೆ ಊರಿನ ನಾಲ್ಕು ಅಂಗಡಿಯವರು ಜೊತೆಯಾದರೆ ಮೇಷ್ಟ್ರ ಭಯವೂ ಹೋಗುತ್ತದೆ. ಏನಂತೀರಿ?

ಅಂದಹಾಗೆ ಹಾರುವ ಓತಿ ಸಿಕ್ಕಿತೋ ಇಲ್ಲವೋ, ಹುಡುಗನಿಗೆ ನಾನು ಹೇಳಲಿಲ್ಲ. ಶನಿವಾರ ಬೀರು ತೆಗೆದರೆ ಅವನೇ ಓದಿಕೊಳ್ಳುತ್ತಾನೆ. ತೆಗೆಯದಿದ್ದರೆ ಸೋಮವಾರ ಇದೇ ಜಾಗದಲ್ಲಿ ಮತ್ತೆ ಬರೆಯುತ್ತೇನೆ.